ಕರಿಬೇವಿನ ಹುಳಕ್ಕೂ ಜ್ವರ ಬರುತ್ತಾ ಮಿಸ್?

ನಮ್ಮ ಶಾಲೆಯ ಅಡುಗೆಮನೆ ಹಿಂದೆ ಒಂದು ಕರಿಬೇವಿನ ಗಿಡ ಇದೆ. ಬಿಸಿಯೂಟದ ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ ಅಡುಗೆ ಅಕ್ಕ ಅಲ್ಲಿಂದಲೇ ಎರಡು ಕಡ್ಡಿ ಕಿತ್ತು ತರುತ್ತಾರೆ. ಒಂದು ಜುಲೈನಲ್ಲಿ ಗಿಡದ ಒಂದು ಮಗ್ಗುಲು ಪೂರ್ತಿ ಬೋಳಾಯಿತು. ಅಕ್ಕ ಬೈದರು. ನಮ್ಮ ಐದನೇ ಕ್ಲಾಸಿನ ಹುಡುಗರು ಕಡ್ಡಿ ಹಿಡಿದು ಹೊರಟರು. ಒಂದೊಂದೇ ಹುಳ ಕೆಡವಿ ಚಪ್ಪಲಿಯಲ್ಲಿ ಹೊಸಕುತ್ತಿದ್ದರು.

ನಾನು ಹೋಗಿ ನಿಲ್ಲಿಸುವಷ್ಟರಲ್ಲಿ ಒಬ್ಬ ಹುಡುಗ ಕೂಗಿದ. "ಮಿಸ್, ಹುಳಕ್ಕೆ ಕೊಂಬು ಬಂತು!" ಹಸಿರು ಹುಳದ ತಲೆ ಹಿಂದಿನಿಂದ ಕೆಂಪಗೆ, ಹಾವಿನ ನಾಲಿಗೆ ಹಾಗೆ ಸೀಳಿದ ಎರಡು ಎಳೆ ಹೊರಗೆ ಬಂದಿದ್ದವು. ಜೊತೆಗೇ ಒಂಥರಾ ಘಾಟು ವಾಸನೆ. ಕಡ್ಡಿ ತೆಗೆದರೆ ಕೊಂಬು ಒಳಗೆ. ಮುಟ್ಟಿದರೆ ಮತ್ತೆ ಹೊರಗೆ. ಕೊಲ್ಲಲು ಬಂದಿದ್ದ ಹುಡುಗರೆಲ್ಲ ಬಗ್ಗಿ ಕೂತರು.

ಅದು ಶತ್ರುವನ್ನು ಹೆದರಿಸುವ ಅಂಗ ಅಂತ ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ. ಆ ಮುಖಗಳನ್ನು ನೋಡಿ ಸುಮ್ಮನಾದೆ. ನಾನು ಉತ್ತರ ಹೇಳಿಬಿಟ್ಟರೆ ಅವರು "ಹೂಂ ಮಿಸ್" ಅಂದು ಎದ್ದು ಹೋಗುತ್ತಾರೆ. ಅಷ್ಟು ವರ್ಷ ನನ್ನ ಪಾಠಗಳಲ್ಲಿ ಆಗುತ್ತಿದ್ದದ್ದೇ ಅದು. ಬದಲಿಗೆ ಕೇಳಿದೆ, "ಹಿಂದಿನಿಂದ ಮುಟ್ಟಿದರೂ ಕೊಂಬು ಬರುತ್ತಾ?" ಮಧ್ಯಾಹ್ನದ ಬೆಲ್ ಆಗುವವರೆಗೂ ಅವರು ಎದ್ದಿಲ್ಲ.

ಹೀಗೆ ನಾಲ್ಕು ಹುಳ ನಮ್ಮ ಕ್ಲಾಸಿಗೆ ಬಂದವು.

ಮೊದಲ ಸಲ ತಪ್ಪು ಮಾಡಿದ್ದು ನಾನು. ಪ್ಲಾಸ್ಟಿಕ್ ಡಬ್ಬದಲ್ಲಿ ಹುಳ ಬಿಟ್ಟು, ಎಲೆ ಬಾಡಬಾರದು ಅಂತ ನೀರು ಚಿಮುಕಿಸಿ, ಮುಚ್ಚಳ ಬಿಗಿಯಾಗಿ ಹಾಕಿದ್ದೆ. ಶನಿವಾರ ಮಧ್ಯಾಹ್ನ ಮನೆಗೆ ಹೋದವರು ಸೋಮವಾರ ಬಂದು ನೋಡಿದರೆ ಡಬ್ಬದ ತುಂಬಾ ಬೆವರು. ನಾಲ್ಕೂ ಹುಳ ಕಪ್ಪಾಗಿ ಮೆತ್ತಗಾಗಿದ್ದವು. ಒಬ್ಬ ಹುಡುಗಿ ಡಬ್ಬ ನೋಡಿ ಹೇಳಿದಳು, "ಮಿಸ್, ನಮ್ಮನೇಲಿ ಹುಳಕ್ಕೆ ಒದ್ದೆ ಸೊಪ್ಪು ಹಾಕಲ್ಲ. ಗಾಳಿ ಬೇಕು."

ನಮ್ಮ ಶಾಲೆ ಇರುವುದು ಶಿಡ್ಲಘಟ್ಟದ ಕಡೆ. ಇಲ್ಲಿ ಸುಮಾರು ಮನೆಗಳಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಗೂಡಿನ ರೇಟು ಇವತ್ತು ಎಷ್ಟು ಅಂತ ಈ ಮಕ್ಕಳಿಗೆ ಗೊತ್ತಿರುತ್ತದೆ. ಬೆಳಗಿನ ಜಾವ ಎದ್ದು ಸೊಪ್ಪು ಹಾಕಿ ಶಾಲೆಗೆ ಬರುವ ಮಕ್ಕಳೂ ಇದ್ದಾರೆ. ನಾನು ಹಾಸನದ ಕಡೆಯವಳು. ಹುಳ ಸಾಕುವುದನ್ನು ಹತ್ತಿರದಿಂದ ನೋಡಿದವಳೇ ಅಲ್ಲ. ಕೀಟಗಳ ಜೀವನಚಕ್ರದ ಚಿತ್ರವನ್ನು ಬೋರ್ಡ್ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಎದುರಿಗೆ ಕೂತವರ ಮನೆಯಲ್ಲಿ ಸಾವಿರಾರು ಹುಳ ಆ ಚಕ್ರ ಸುತ್ತುತ್ತಿವೆ ಅಂತ ನೆನಪಿಸಿಕೊಂಡು ಪಾಠ ಮಾಡಿರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಎರಡನೇ ಸಲ ಡಬ್ಬ ಸಿದ್ಧ ಮಾಡಿದ್ದು ಮಕ್ಕಳೇ. ಕೆಳಗೆ ಒಣ ನ್ಯೂಸ್‌ಪೇಪರ್. ಬಾಯಿಗೆ ಹಳೆ ಸೊಳ್ಳೆಪರದೆಯ ತುಂಡು, ಅದರ ಮೇಲೆ ರಬ್ಬರ್ ಬ್ಯಾಂಡ್. ದಿನಾ ಬೆಳಿಗ್ಗೆ ಹಿಕ್ಕೆ ಕೊಡವಿ ಪೇಪರ್ ಬದಲಿಸಿ ಹೊಸ ಕಡ್ಡಿ ಇಡುವುದು. ಈ ಸಲ ಮೊಟ್ಟೆಯಿಂದಲೇ ಶುರು ಮಾಡಿದೆವು. ಚಿಗುರೆಲೆ ಮೇಲೆ ಸಾಸಿವೆಗಿಂತ ಸಣ್ಣದಾಗಿ, ತಿಳಿ ಹಳದಿ ಬಣ್ಣದಲ್ಲಿ ಒಂದೊಂದೇ ಇರುತ್ತದೆ. ಅದನ್ನು ಮೊದಲು ಕಂಡುಹಿಡಿದವನು ಓದಿನಲ್ಲಿ ಹಿಂದೆ ಅಂತ ನಾವೆಲ್ಲ ಹೇಳುತ್ತಿದ್ದ ಹುಡುಗ. ಅವನಷ್ಟು ಚುರುಕು ಕಣ್ಣು ನನಗಿಲ್ಲ.

ಮೂರ್ನಾಲ್ಕು ದಿನಕ್ಕೆ ಮೊಟ್ಟೆ ಒಡೆಯಿತು. ಮರಿ ಹುಳ ಹಸಿರಲ್ಲ. ಕಂದು ಮೈ, ಮಧ್ಯೆ ಬಿಳಿ ಪಟ್ಟೆ, ಥೇಟ್ ಹಕ್ಕಿ ಹಿಕ್ಕೆ. ಯಾಕೆ ಹಾಗೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಒಬ್ಬಳು ಎಲೆ ಮೇಲಿನ ಹುಳವನ್ನು ನಿಜವಾದ ಹಿಕ್ಕೆ ಅಂದುಕೊಂಡು ಒರೆಸಿ ಹಾಕಲು ಹೋದಳು. ಕೈ ಅಲ್ಲೇ ನಿಂತಿತು. "ಓ... ಹಕ್ಕಿಗೂ ಹಿಂಗೇ ಮೋಸ ಆಗುತ್ತೆ ಅಲ್ವಾ ಮಿಸ್?"

ಇನ್ನೊಂದು ದಿನ ಹುಳ ತಿನ್ನುವುದು ನಿಲ್ಲಿಸಿ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿತು. ಸತ್ತೇಹೋಯಿತು ಅಂತ ನಾನು ಹೆದರಿದೆ. ಹುಡುಗರಿಗೆ ಗಾಬರಿಯೇ ಇಲ್ಲ. "ಜ್ವರಕ್ಕೆ ಕೂತಿರಬೇಕು. ಕರಿಬೇವಿನ ಹುಳಕ್ಕೂ ಜ್ವರ ಬರುತ್ತಾ ಮಿಸ್?" ರೇಷ್ಮೆ ಹುಳ ಪೊರೆ ಕಳಚುವ ಮೊದಲು ಮೇಯುವುದು ಬಿಟ್ಟು ಕೂರುತ್ತದಲ್ಲ, ಅದಕ್ಕೆ ಇಲ್ಲಿ ಜ್ವರ ಅಂತಲೇ ಹೆಸರು. ಒಂದನೇ ಜ್ವರ, ಎರಡನೇ ಜ್ವರ ಅಂತ ಎಣಿಸುತ್ತಾರೆ. ನಾಲ್ಕು ಜ್ವರ ಮುಗಿದ ಮೇಲೆ ಹುಳ ಹಣ್ಣಾಗುತ್ತದೆ, ಗೂಡು ಕಟ್ಟುತ್ತದೆ. ನಾನು ಕೇಳಿದೆ, "ಇದಕ್ಕೂ ನಾಲ್ಕೇನಾ?" ಅವರಿಗೂ ಗೊತ್ತಿರಲಿಲ್ಲ. ಗೋಡೆಗೆ ಒಂದು ಚಾರ್ಟ್ ಅಂಟಿಸಿದೆವು. ಯಾವ ದಿನ ಎಷ್ಟು ಎಲೆ, ಯಾವ ದಿನ ಜ್ವರ. ಶುರುವಿನಲ್ಲಿ ದಿನಕ್ಕೆ ಅರ್ಧ ಎಲೆಯೂ ಖರ್ಚಾಗುತ್ತಿರಲಿಲ್ಲ. ಕೊನೆಯಲ್ಲಿ ಇಡೀ ಕಡ್ಡಿ ಬೋಳು. ಎಣಿಸಿದರೆ ನಾಲ್ಕೇ ಜ್ವರ. ನಾಲ್ಕನೆಯದು ಮುಗಿದಾಗಲೇ ಹಿಕ್ಕೆ ಬಣ್ಣ ಹೋಗಿ ಹಸಿರು ಮೈ ಬಂದದ್ದು. ಆವತ್ತು ಕ್ಲಾಸಿನಲ್ಲಿ ಎದ್ದ ಗಲಾಟೆಗೆ ಪಕ್ಕದ ಕ್ಲಾಸಿನವರೂ ಬಂದು ನೋಡಿದರು.

ಹಣ್ಣಾದ ಹುಳ ಕಡ್ಡಿಗೆ ಬಾಲ ಅಂಟಿಸಿ, ಸೊಂಟಕ್ಕೆ ಒಂದೇ ಒಂದು ದಾರ ಬಿಗಿದುಕೊಂಡು ಒರಗಿತು. ತೆಂಗಿನಮರ ಹತ್ತುವವರು ಹಗ್ಗ ಹಾಕಿಕೊಂಡು ಒರಗುತ್ತಾರಲ್ಲ, ಹಾಗೆ. ಮರುದಿನ ಅದು ಕೋಶ. ಇನ್ನು ಎಲ್ಲೂ ಓಡಿಹೋಗುವುದಿಲ್ಲ ಅಂತ ಮಕ್ಕಳು ಪರದೆ ಬಿಚ್ಚಿ ಡಬ್ಬವನ್ನು ಕಿಟಕಿಯಲ್ಲಿ ಇಟ್ಟರು.

ಎರಡು ಕೋಶದಿಂದ ಒಂಬತ್ತು ಹತ್ತು ದಿನಕ್ಕೆ ಚಿಟ್ಟೆ ಬಂತು. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆ ಮೇಲೆ ಬಿಳಿ ಚುಕ್ಕೆಗಳ ಸಾಲು. ಕಾಮನ್ ಮಾರ್ಮನ್ ಅನ್ನುವ ಚಿಟ್ಟೆ. ಮುದುರಿದ ರೆಕ್ಕೆ ನೆಟ್ಟಗಾಗಲು ಬಹಳ ಹೊತ್ತು ಬೇಕು. ಅಷ್ಟೂ ಹೊತ್ತು ಮೂವತ್ತು ಮಕ್ಕಳು ಪಿಸುಮಾತಲ್ಲಿ ಮಾತಾಡಿದರು. ನಾನು ಹೇಳಿರಲಿಲ್ಲ, ತಾವೇ.

ಮೂರನೇ ಕೋಶದಿಂದ ಏನೂ ಬರಲಿಲ್ಲ. ಬಣ್ಣ ಮಾತ್ರ ಕಂದಾಯಿತು. ಆಮೇಲೆ ಒಂದು ಬೆಳಿಗ್ಗೆ ಕೋಶದಲ್ಲಿ ಸೂಜಿಯಲ್ಲಿ ಚುಚ್ಚಿದಂಥ ತೂತು. ಅದರಿಂದ ಎಳ್ಳಿನಷ್ಟು ಸಣ್ಣ, ಹಸಿರು ಹೊಳಪಿನ ಕಣಜದಂಥ ಹುಳಗಳು ಸಾಲಾಗಿ ಹೊರಬರುತ್ತಿದ್ದವು. ಎಣಿಸುತ್ತಿದ್ದವರು ಎಪ್ಪತ್ತಕ್ಕೆ ಕೈಬಿಟ್ಟರು. ಆ ಹುಳ ಸಾಕಿದ್ದ ಹುಡುಗಿ ಅತ್ತಳು. ಒಬ್ಬ ಹೇಳಿದ, "ಚಿಟ್ಟೆ ಆಗಬೇಕಾದ ಹುಳ ಇದಾಯ್ತು." ಇನ್ನೊಬ್ಬ, "ಹುಳ ಕೊಳೆತು ಇವು ಹುಟ್ಟಿದವು."

ಅಳು ನಿಂತ ಮೇಲೆ ಅದೇ ಹುಡುಗಿ ಹೇಳಿದ್ದು ನನಗೆ ಮರೆಯುವುದಿಲ್ಲ. "ಇದು ಊಜಿ ಥರ ಇರಬೇಕು ಮಿಸ್."

ಊಜಿ ನೊಣ ರೇಷ್ಮೆಯವರಿಗೆಲ್ಲ ಗೊತ್ತು. 1980ರಲ್ಲಿ ಕರ್ನಾಟಕಕ್ಕೆ ಬಂದ ಪಿಡುಗು. ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಒಳಗೆ ಹೊಕ್ಕು ಹುಳವನ್ನು ತಿಂದು ಬೆಳೆಯುತ್ತದೆ, ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಅದಕ್ಕೇ ಹುಳದ ಮನೆ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ. "ನಾವು ಪರದೆ ಬಿಚ್ಚಿದ್ದೇ ತಪ್ಪು" ಅಂದಳು. ಉಳಿದವರು ಒಪ್ಪಲಿಲ್ಲ. ಒಪ್ಪದೆ ಇದ್ದದ್ದು ಒಳ್ಳೆಯದೇ ಆಯಿತು. "ಹಾಗಾದರೆ ಹೇಗೆ ಗೊತ್ತು ಮಾಡೋದು?" ಅಂದೆ. ಉಪಾಯ ಹೊಳೆಯಲು ಅವರಿಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ಬಾಯಿ ಮುಚ್ಚಿಕೊಂಡಿರುವುದು ನನಗೆ ಬಹಳ ಕಷ್ಟವಾಯಿತು.

ಹನ್ನೆರಡು ಹುಳ ಸಾಕಿದರು. ಎಲ್ಲಕ್ಕೂ ಮೊಟ್ಟೆಯಿಂದಲೇ ಪರದೆ. ಹಣ್ಣಾಗಿ ದಾರ ಬಿಗಿದುಕೊಂಡ ಮೇಲೆ ಆರನ್ನು ಪರದೆಯೊಳಗೇ ಬಿಟ್ಟರು, ಆರನ್ನು ಪರದೆಯಿಲ್ಲದ ಡಬ್ಬದಲ್ಲಿ ಗಿಡದ ಬುಡಕ್ಕೆ ಇಟ್ಟರು. ಸರದಿ ಪ್ರಕಾರ ಕಾವಲು. ಮೂರನೇ ದಿನ ಕಾವಲಿದ್ದವನು ಓಡಿ ಬಂದ. ಅದೇ ಹಸಿರು ಹೊಳಪಿನ ಪುಟ್ಟ ಕಣಜ, ಆಗಷ್ಟೇ ಆದ ಮೆತ್ತನೆ ಕೋಶದ ಮೇಲೆ ಕೂತು ಬಾಲದ ತುದಿ ಊರುತ್ತಿತ್ತು. ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು.

ಲೆಕ್ಕ ಹೀಗೆ ಬಂತು. ಪರದೆಯೊಳಗಿನ ಆರರಲ್ಲಿ ಐದು ಚಿಟ್ಟೆ, ಒಂದು ಒಣಗಿತು. ಕಣಜ ಒಂದರಲ್ಲೂ ಇಲ್ಲ. ಹೊರಗಿನ ಆರರಲ್ಲಿ ಮೂರು ಚಿಟ್ಟೆ, ಎರಡರಲ್ಲಿ ಕಣಜ. ಒಂದು ಕೋಶವೇ ನಾಪತ್ತೆ. ಅದನ್ನು ಇರುವೆ ಹೊತ್ತವೋ ಓತಿಕ್ಯಾತ ತಿಂದಿತೋ, ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಅಂತ ಒಂದು ಪೀರಿಯಡ್ ಪೂರ್ತಿ ಜಗಳ. ಅಷ್ಟು ಒಳ್ಳೆಯ ಜಗಳ ನಮ್ಮ ಶಾಲೆಯಲ್ಲಿ ಬೇರೆ ಆಗಿಲ್ಲ.

ಆಮೇಲೆ ಮಾತ್ರ ನಾನು ಒಂದು ಕತೆ ಹೇಳಿದೆ. ಮಾಂಸ ಕೊಳೆತರೆ ಹುಳ ತಾನಾಗಿಯೇ ಹುಟ್ಟುತ್ತದೆ ಅಂತ ಜನ ನಂಬಿದ್ದ ಕಾಲ. 1668ರಲ್ಲಿ ಇಟಲಿಯ ಫ್ರಾನ್ಚೆಸ್ಕೊ ರೆಡಿ ಅನ್ನುವ ವೈದ್ಯ ತನ್ನ ಪ್ರಯೋಗಗಳನ್ನು ಪ್ರಕಟಿಸಿದರು. ಕೆಲವು ಪಾತ್ರೆಯ ಮಾಂಸವನ್ನು ತೆರೆದು ಇಟ್ಟಿದ್ದರು, ಕೆಲವಕ್ಕೆ ತೆಳು ಬಟ್ಟೆ ಕಟ್ಟಿದ್ದರು. ನೊಣ ಕೂರಲು ಆಗದ ಮಾಂಸದಲ್ಲಿ ಹುಳ ಆಗಲಿಲ್ಲ. ಕತೆ ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ದನಿ ಬಂತು. "ನಮ್ಮ ಥರಾನೇ ಮಾಡಿದಾರೆ!"

ಈ ಕತೆಯನ್ನು ಮೊದಲ ದಿನವೇ ಹೇಳಿದ್ದರೆ ಅದು ಪರೀಕ್ಷೆಗೆ ಬರುವ ಒಂದು ಹೆಸರು, ಒಂದು ಇಸವಿ ಆಗುತ್ತಿತ್ತು ಅಷ್ಟೆ.

ಆಮೇಲೆ ಪ್ರಶ್ನೆಗಳು ಹುಳ ಬಿಟ್ಟು ಬೇರೆ ಕಡೆಗೂ ಹರಿದವು. ಮರುವರ್ಷ ಆರನೇ ಕ್ಲಾಸಿನಲ್ಲಿದ್ದಾಗ ಇವರೇ ಮೈದಾನದಲ್ಲಿ ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೆದರು. ಮಧ್ಯಾಹ್ನ 12 ಗಂಟೆಗೆ ನೆರಳು ಅತಿ ಚಿಕ್ಕದು ಅಂತ ಎಲ್ಲರೂ ಹೇಳುತ್ತೇವೆ ಅಲ್ವಾ? ಜುಲೈನಲ್ಲಿ ಐದೈದು ನಿಮಿಷಕ್ಕೆ ಗುರುತು ಹಾಕಿದರೆ ಅತಿ ಚಿಕ್ಕ ನೆರಳು ಸಿಕ್ಕಿದ್ದು 12:25ರ ಸುಮಾರಿಗೆ. ಮೊದಲು ತಮ್ಮದೇ ತಪ್ಪು ಅಂದುಕೊಂಡರು. ಮೂರು ದಿನ ಅಳೆದರು. ಮೂರು ದಿನವೂ ಅಷ್ಟೆ. ಜೊತೆಗೆ ನೆರಳು ಬಿದ್ದದ್ದು ದಕ್ಷಿಣಕ್ಕೆ, ಸುಮಾರು ಒಂದು ಗೇಣಿಗಿಂತ ಕಡಿಮೆ.

ಇದಕ್ಕೆ ಕಾರಣ ಅವರು ತಾವಾಗಿ ಕಂಡುಕೊಳ್ಳುವಂಥದ್ದಲ್ಲ. ಇಲ್ಲಿ ನಾನು ಗ್ಲೋಬ್ ತಂದು ಕೂತೆ. ನಮ್ಮ ಗಡಿಯಾರದ ಹೊತ್ತು 82.5 ಡಿಗ್ರಿ ಪೂರ್ವ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುತ್ತದೆ. ನಾವು ಇರುವುದು 78ರ ಆಸುಪಾಸು. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಗುಣಿಸಿದರು, ಹದಿನೆಂಟು ನಿಮಿಷದ ಮೇಲೆ ಬಂತು. ಉಳಿದ ಐದಾರು ನಿಮಿಷ ಭೂಮಿಯ ಅಕ್ಷ ಓರೆಯಾಗಿರುವುದರಿಂದ, ಅದು ಸೂರ್ಯನ ಸುತ್ತ ಒಂದೇ ವೇಗದಲ್ಲಿ ಸುತ್ತದೆ ಇರುವುದರಿಂದ. ಎಲ್ಲವನ್ನೂ ಮಕ್ಕಳೇ ಕಂಡುಹಿಡಿಯಲಿ ಅಂತ ಕೂರುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಅಳತೆ ಅವರದಾಗಿರಬೇಕು, ಗೊಂದಲ ಅವರದಾಗಿರಬೇಕು. ಆಗ ನಾವು ಹೇಳುವ ಮಾತಿಗೆ ಅವರೊಳಗೆ ಜಾಗ ಇರುತ್ತದೆ.

ನಮ್ಮ ಕಡೆ ಸೂರ್ಯ ನೆತ್ತಿಯ ಮೇಲೆ ನೇರ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ. ಏಪ್ರಿಲ್‌ನಲ್ಲಿ ರಜೆ. ಆಗಸ್ಟ್ 17ಕ್ಕೆ ಕಾದೆವು. ಬೆಳಿಗ್ಗೆಯಿಂದ ಮೋಡ. ಹನ್ನೆರಡೂಕಾಲಿಗೆ ಸ್ವಲ್ಪ ಬಿಟ್ಟಿತು. ಊಟದ ಸ್ಟೀಲ್ ಲೋಟಗಳನ್ನು ಬೋರಲು ಹಾಕಿ ಕಟ್ಟೆ ಮೇಲೆ ಸಾಲಾಗಿ ಇಟ್ಟಿದ್ದರು. ಲೋಟದ ಪಕ್ಕದ ನೆರಳು ಕರಗುತ್ತಾ ಬಂದು ಇಲ್ಲವೇ ಇಲ್ಲ ಅನ್ನುವಂತಾಯಿತು. ಅಡುಗೆ ಅಕ್ಕನೂ ಸೌಟು ಹಿಡಿದೇ ಬಂದು ನಿಂತಿದ್ದರು. "ನಲವತ್ತು ವರ್ಷದಿಂದ ಬಿಸಿಲಲ್ಲಿ ಕೆಲಸ ಮಾಡ್ತಿದೀನಿ, ಇದನ್ನ ನೋಡೇ ಇರ್ಲಿಲ್ಲ ಮಿಸ್" ಅಂದರು.

ನನ್ನ ಹಾಗೆ ಶುರು ಮಾಡಬೇಕು ಅನ್ನುವ ಶಿಕ್ಷಕರು ಕೆಲವರು ಏನೇನು ಸಾಮಾನು ಬೇಕು ಅಂತ ಕೇಳುತ್ತಾರೆ. ಒಂದು ಡಬ್ಬ, ಪರದೆ ತುಂಡು, ಕೋಲು, ಅಳತೆಪಟ್ಟಿ. ಅದಕ್ಕಿಂತ ಮೊದಲು ಮಕ್ಕಳ ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ನೋಡಿ. ಕುರಿ ಸಾಕುವವರ ಮಕ್ಕಳು, ಮೀನು ಹಿಡಿಯುವವರ ಮಕ್ಕಳು, ಗಾರೆ ಕೆಲಸದವರ ಮಕ್ಕಳು ನಮಗೆ ಗೊತ್ತಿಲ್ಲದ ಎಷ್ಟೋ ಸಂಗತಿ ನೋಡಿರುತ್ತಾರೆ. ಅದನ್ನು ಕ್ಲಾಸಿನಲ್ಲಿ ಹೇಳಬಹುದು ಅಂತ ಅವರಿಗೆ ಗೊತ್ತಿರುವುದಿಲ್ಲ.

ಈ ಜೂನ್‌ನಲ್ಲಿ ಶಾಲೆ ಶುರುವಾಗಿ ಒಂದು ವಾರ ಆಗಿತ್ತು. ಅಕ್ಕ ಒಗ್ಗರಣೆಗೆ ಕರಿಬೇವು ಕೀಳಲು ಹೋದವರು ಬರಿಗೈಯಲ್ಲಿ ನನ್ನ ಕ್ಲಾಸಿನ ಬಾಗಿಲಿಗೆ ಬಂದರು. "ಮಿಸ್, ಗೋಡೆ ಕಡೆ ಕೊಂಬೇಲಿ ಮೂರು ಮೊಟ್ಟೆ ಐತೆ. ಮಕ್ಕಳನ್ನ ಕಳಿಸಿ. ಆಮೇಲೆ ಬೇರೆ ಕಡೆಯಿಂದ ಕಿತ್ಕೊತೀನಿ."