ಸಾಲಿನ ಕೊನೆಯ ಖಾಲಿ ಜಾಗ ಉಳಿಸಿಕೊಳ್ಳುವುದು ಹೇಗೆ?

ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಹಾಲಿನ ಬಟವಾಡೆ ಈಗ ರೈತರ ಖಾತೆಗೇ ಜಮಾ ಆಗುತ್ತದೆ. ಅದಕ್ಕೆ ಕೆಲವು ಬ್ಯಾಂಕುಗಳು ಕೇಳುವುದು ಅಗಲ ನಿಗದಿಯಾದ ಟೆಕ್ಸ್ಟ್ ಫೈಲು. ಅದರಲ್ಲಿ ಕಾಮಾ ಇರುವುದಿಲ್ಲ. ಎಷ್ಟನೇ ಅಕ್ಷರದಿಂದ ಎಷ್ಟನೇ ಅಕ್ಷರದವರೆಗೆ ಏನಿರಬೇಕು ಎಂಬುದಷ್ಟೇ ಲೆಕ್ಕ. ಡೇಟಾಬೇಸಿನಿಂದ ಫೈಲ್ ತೆಗೆದಾಗ ಸಾಲಿನ ಕೊನೆಯ ಸ್ಪೇಸುಗಳು ಮಾಯವಾಗಿ, ಇಡೀ ಫೈಲು ವಾಪಸ್ ಬರುತ್ತದೆ. ಡೇರಿ ಕಾರ್ಯದರ್ಶಿಗಳು ಕೂತು ಒಂದೊಂದೇ ಸಾಲಿನ ಕೊನೆಗೆ ಸ್ಪೇಸ್‌ಬಾರ್ ಒತ್ತುವುದನ್ನು ನೋಡಿ ನೋಡಿ ಸಾಕಾಗಿದೆ. ಆ ಪಾಡು ಬೇಡ.

ಹಂತ 1. ಬ್ಯಾಂಕಿನ ನಮೂನೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳೋಣ: ಸದಸ್ಯರ ಸಂಖ್ಯೆ 6, ಐಎಫ್‌ಎಸ್‌ಸಿ 11, ಖಾತೆ ಸಂಖ್ಯೆ 20, ಹೆಸರು 40, ಮೊತ್ತ 13, ಷರಾ 30. ಒಟ್ಟು 120. ಷರಾ ಕಾಲಂ ಹೆಚ್ಚುಕಮ್ಮಿ ಯಾವಾಗಲೂ ಖಾಲಿ. ಅದು ಕೊನೆಯಲ್ಲೇ ಇರುವುದರಿಂದ ಸಾಲು 90ಕ್ಕೇ ಮುಗಿದುಹೋಗುತ್ತದೆ, ತಿರಸ್ಕಾರಕ್ಕೆ ಅಷ್ಟು ಸಾಕು.

ಹಂತ 2. ಇಲ್ಲೇ ಎಲ್ಲರೂ ಎಡವುವುದು. ಟೇಬಲ್ಲಿನಲ್ಲಿ ಕಾಲಂ ‘ಕ್ಯಾರ್ 30’ (ಅಗಲ 30 ಅಕ್ಷರಕ್ಕೆ ನಿಗದಿಯಾದ ಕಾಲಂ) ಅಂತ ಇದೆಯಲ್ಲ, ಸ್ಪೇಸ್ ತಾನಾಗಿ ಬರುತ್ತದೆ ಎಂದು ನಂಬಿ ಕೂರಬೇಡಿ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸು ಕ್ಯಾರ್ ಕಾಲಮ್ಮನ್ನು ಓದಿ ಕೊಡುವಾಗ ಬಾಲದ ಸ್ಪೇಸುಗಳನ್ನು ಕಿತ್ತುಹಾಕಿಯೇ ಕೊಡುತ್ತದೆ. ಅದನ್ನು ತಡೆಯಲು ಒಂದು ಮೋಡ್ ಇದೆ, ಆದರೆ 8.0.13 ಆವೃತ್ತಿಯಿಂದ ಅದನ್ನು ಕೈಬಿಡುವ ಪಟ್ಟಿಗೆ ಸೇರಿಸಿದ್ದಾರೆ. ಹೊಸದಾಗಿ ಅದಕ್ಕೆ ಅಂಟಿಕೊಳ್ಳುವುದು ಬೇಡ. ಪೋಸ್ಟ್‌ಗ್ರೆಸ್ ಡೇಟಾಬೇಸು ಕೂಡ ಕ್ಯಾರ್ ಕಾಲಮ್ಮನ್ನು ಇನ್ನೊಂದಕ್ಕೆ ಜೋಡಿಸುವ ಹೊತ್ತಿಗೆ ಬಾಲ ಕತ್ತರಿಸಿರುತ್ತದೆ. ಹಳೇ ಫಾಕ್ಸ್‌ಪ್ರೊ ಡೇಟಾಬೇಸಿನಲ್ಲಿ ಎಸ್‌ಡಿಎಫ್ (ಅಗಲ ನಿಗದಿಯಾದ ಟೆಕ್ಸ್ಟ್ ನಮೂನೆ) ಎಂದು ಕಾಪಿ ಹೊಡೆದರೆ ಅಗಲ ಅಷ್ಟಕ್ಕಷ್ಟೇ ಬರುತ್ತಿತ್ತು. ಆ ಸುಖ ಈಗ ಇಲ್ಲ.

ಆದ್ದರಿಂದ ಮಾಹಿತಿ ತೆಗೆಯುವ ಸೆಲೆಕ್ಟ್ ಹೇಳಿಕೆಯಲ್ಲೇ ಪ್ರತಿ ಕಾಲಮ್ಮಿಗೂ ಆರ್‌ಪ್ಯಾಡ್ ಹಾಕಿ. ಹೆಸರನ್ನು 40ಕ್ಕೆ, ಷರಾವನ್ನು 30ಕ್ಕೆ ಬಲಗಡೆ ಸ್ಪೇಸಿನಿಂದ ತುಂಬಿಸಿ, ಎಲ್ಲವನ್ನೂ ಒಂದೇ ಕಾಲಂ ಆಗಿ ಜೋಡಿಸಿ. 40ಕ್ಕಿಂತ ಉದ್ದದ ಹೆಸರನ್ನು ಆರ್‌ಪ್ಯಾಡೇ ಕತ್ತರಿಸುತ್ತದೆ. ಮೊತ್ತಕ್ಕೆ ಮಾತ್ರ ಎಲ್‌ಪ್ಯಾಡ್, ಎಡಗಡೆ ಸೊನ್ನೆ. ಪೈಸೆಯಲ್ಲಿ ಬರೆಯುವ ನಮೂನೆಯಾದರೆ 1,847.50 ರೂಪಾಯಿ 0000000184750 ಆಗಬೇಕು.

ಜೋಡಿಸುವ ಮುನ್ನ ನಲ್ (ಏನನ್ನೂ ತುಂಬದೆ ಬಿಟ್ಟ ಜಾಗ, ಸ್ಪೇಸೂ ಅಲ್ಲ) ನೋಡಿಕೊಳ್ಳಿ. ಷರಾದಲ್ಲಿ ನಲ್ ಇದ್ದರೆ ಆರ್‌ಪ್ಯಾಡ್ ಕೊಡುವುದು 30 ಸ್ಪೇಸ್ ಅಲ್ಲ, ಮತ್ತೆ ನಲ್. ಮೈಎಸ್‌ಕ್ಯೂಎಲ್‌ನಲ್ಲಿ ಕಾಲಂ ಜೋಡಿಸುವ ಕಾನ್‌ಕ್ಯಾಟ್‌ಗೆ ಒಂದು ನಲ್ ಸಿಕ್ಕರೂ ಆ ರೈತರ ಪೂರ್ತಿ ಸಾಲೇ ನಲ್. ಒರಾಕಲ್ ಡೇಟಾಬೇಸಿನಲ್ಲಿ ಸಾಲು ಉಳಿಯುತ್ತದೆ, ಆದರೆ ಆ ಕಾಲಂ ಇಲ್ಲವಾಗಿ ಮುಂದಿನದೆಲ್ಲ ಎಡಕ್ಕೆ ಸರಿಯುತ್ತದೆ. ಹೆಸರು ನಲ್ ಆದರೆ ಮೊತ್ತ ಹೆಸರಿನ ಜಾಗಕ್ಕೆ ಬಂದು ಕೂರುತ್ತದೆ. ನಲ್ ಬದಲು ಬೇರೆ ಏನಾದರೂ ಕೊಡಲು ಮೈಎಸ್‌ಕ್ಯೂಎಲ್‌ನಲ್ಲಿ ಇಫ್‌ನಲ್, ಒರಾಕಲ್‌ನಲ್ಲಿ ಎನ್‌ವಿಎಲ್ ಹಾಕಿ. ಒರಾಕಲ್‌ಗೆ ಖಾಲಿ ಸ್ಟ್ರಿಂಗ್ ಅಂದರೂ ನಲ್ಲೇ, ಹಾಗಾಗಿ ಅಲ್ಲಿ ಒಂದು ಸ್ಪೇಸನ್ನಾದರೂ ಕೊಡಲೇಬೇಕು.

ಕೆಲವರು ಆಲ್ಟ್ 0160 ಒತ್ತಿ ‘ಅಳಿಯದ ಸ್ಪೇಸ್’ ತುಂಬುತ್ತಾರೆ. ಕಣ್ಣಿಗೆ ಸ್ಪೇಸೇ, ಬ್ಯಾಂಕಿನ ಯಂತ್ರಕ್ಕೆ ಬೇರೆಯದೇ ಅಕ್ಷರ. ಸಾಲಿನ ಕೊನೆಗೆ ಚುಕ್ಕಿ ಇಟ್ಟು ಬಾಲ ಕಾಯುವವರೂ ಇದ್ದಾರೆ. ಆಗ ಸಾಲು 121 ಆಗುತ್ತದೆ.

ಹಂತ 3. ಫೈಲಿಗೆ ಇಳಿಸಿ. ಮೈಎಸ್‌ಕ್ಯೂಎಲ್‌ನಲ್ಲಿ ‘ಇನ್‌ಟು ಔಟ್‌ಫೈಲ್’. ಫೈಲು ಬೀಳುವುದು ಸರ್ವರ್ ಇರುವ ಯಂತ್ರದಲ್ಲಿ, ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಅದು ಬರೆಯುವುದಿಲ್ಲ. ಒರಾಕಲ್ ಎಸ್‌ಕ್ಯೂಎಲ್ ಪ್ಲಸ್‌ನಲ್ಲಿ ಪೇಜ್‌ಸೈಜ್ 0, ಫೀಡ್‌ಬ್ಯಾಕ್ ಆಫ್, ಲೈನ್‌ಸೈಜ್ ಸರಿಯಾಗಿ 120, ಟ್ರಿಮ್‌ಸ್ಪೂಲ್ ಆಫ್. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಸ್ಕ್ರಿಪ್ಟುಗಳಲ್ಲಿ ‘ಟ್ರಿಮ್‌ಸ್ಪೂಲ್ ಆನ್’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬೇರೆಯವರಿಗೆ ಅದು ಒಳ್ಳೆಯದೇ, ನಿಮ್ಮ ಸ್ಪೇಸ್ ತಿನ್ನುವುದು ಮಾತ್ರ ಅದೇ. ಲೈನ್‌ಸೈಜ್ 200 ಬಿಟ್ಟರೆ 80 ಸ್ಪೇಸು ಹೆಚ್ಚಿಗೆ ಸೇರುತ್ತದೆ, ಅದೂ ತಪ್ಪೇ. ಪರದೆಯಿಂದ ಕಾಪಿ ಹೊಡೆಯಬೇಡಿ, ಸ್ಪೂಲ್ ಮಾಡಿ, ಅಂದರೆ ನೇರವಾಗಿ ಫೈಲಿಗೆ ಬರೆಸಿ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಎಸ್‌ಕ್ಯೂಎಲ್‌ಸಿಎಂಡಿ ಎಂಬ ಕಮಾಂಡ್ ಸಾಧನಕ್ಕೆ ದೊಡ್ಡಕ್ಷರದ ಡಬ್ಲ್ಯೂ ಆಯ್ಕೆ ಕೊಡಬಾರದು, ಅದರ ಕೆಲಸವೇ ಬಾಲ ಕತ್ತರಿಸುವುದು.

ಹಂತ 4. ತೂಕ ನೋಡಿ. ಫೈಲ್ ತೆರೆಯುವ ಮೊದಲು ಪ್ರಾಪರ್ಟೀಸ್‌ನಲ್ಲಿ ಸೈಜ್ ನೋಡಿ. ‘ಸೈಜ್ ಆನ್ ಡಿಸ್ಕ್’ ಅಲ್ಲ, ಬರೀ ‘ಸೈಜ್’. ವಿಂಡೋಸ್ ಬಗೆಯ ಸಾಲುಕೊನೆಗೆ (ಸಾಲು ಮುಗಿಯಿತೆಂಬ ಕಾಣದ ಗುರುತಿಗೆ) 2 ಬೈಟು ಸೇರಿ ಒಂದು ಸಾಲಿಗೆ 122. 212 ರೈತರಿದ್ದರೆ 25,864 ಬೈಟು. ಕೊನೆಯ ಸಾಲಿಗೆ ಸಾಲುಕೊನೆ ಇಲ್ಲದಿದ್ದರೆ 2 ಕಡಿಮೆ. ಬೇರೆ ಏನು ಬಂದರೂ ಕಳಿಸಬೇಡಿ.

ಕನ್ನಡದ ಹೆಸರು ನುಸುಳಿದ್ದೂ ಇಲ್ಲೇ ಸಿಕ್ಕಿಬೀಳುತ್ತದೆ. ‘ಮುನಿಯಪ್ಪ’ ಕಣ್ಣಿಗೆ ನಾಲ್ಕಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆ, ಒತ್ತು ಎಲ್ಲ ಸೇರಿ 8. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟಿನಂತೆ 24. ಮೈಎಸ್‌ಕ್ಯೂಎಲ್ ಅದನ್ನು 8 ಎಂದೆಣಿಸಿ 32 ಸ್ಪೇಸ್ ತುಂಬುತ್ತದೆ, ಹೆಸರಿನ ಜಾಗ 56 ಬೈಟು ಆಗುತ್ತದೆ, ಒಟ್ಟು ತೂಕ 16 ಏರುತ್ತದೆ. ಬ್ಯಾಂಕಿನ 40 ಅಂದರೆ ಅಕ್ಷರವೋ ಬೈಟೋ ಎಂದು ಕೇಳಿ. ಉತ್ತರ ತಡವರಿಸಿದರೆ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲೇ ಕಳಿಸಿ.

ಹಂತ 5. ತೆರೆದು ನೋಡಲೇಬೇಕಿದ್ದರೆ ಅದರ ಒಂದು ಪ್ರತಿಯನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಸ್ಪೇಸ್ ತೋರಿಸುವ ಆಯ್ಕೆ ಒತ್ತಿ. ಸ್ಪೇಸುಗಳು ಚುಕ್ಕಿಯಾಗಿ ಕಾಣುತ್ತವೆ. ಎಕ್ಸೆಲ್‌ನಲ್ಲಿ ಮಾತ್ರ ತೆರೆದು ಸೇವ್ ಮಾಡಬೇಡಿ. ಖಾತೆ ಸಂಖ್ಯೆಯ ಮುಂದಿನ ಸೊನ್ನೆ ಹೋಗುತ್ತದೆ, 15 ಅಂಕಿ ದಾಟಿದ ಸಂಖ್ಯೆಯ ಬಾಲ ಸೊನ್ನೆಯಾಗುತ್ತದೆ.

ಕಳಿಸುವಾಗ ಫೈಲನ್ನು ಜಿಪ್ ಮಾಡಿ ಲಗತ್ತಿಸಿ, ಮೇಲ್‌ನ ಒಡಲಿಗೆ ಪೇಸ್ಟ್ ಮಾಡಬೇಡಿ. ಮೊದಲ ಸಲವಾದರೆ ಐದೇ ಸಾಲಿನ ಪರೀಕ್ಷಾ ಫೈಲು ಕಳಿಸಿ. ಅದರಲ್ಲಿ ಷರಾ ಖಾಲಿ ಇರುವ ಸದಸ್ಯರು ಒಬ್ಬರು, ಷರಾ ತುಂಬಿರುವವರು ಒಬ್ಬರು ಇರಲಿ.