ಹಳೇ ಸ್ಪೀಕರ್ ಡಬ್ಬಿಗೆ ಹೊಸ ವೂಫರ್ ಕೂರಿಸುವುದು

ಕೊಪ್ಪಳದಲ್ಲಿ ನನ್ನದು ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಅಂಗಡಿ. "ಎಂಟು ಇಂಚಿನ ವೂಫರ್ ತಂದೀನ್ರೀ ಅಣ್ಣಾರ, ಡಬ್ಬ್ಯಾಗ ಕುಂದ್ರವಲ್ದು" ಅಂತ ಬರುವವರೇ ಜಾಸ್ತಿ. ವೂಫರ್ ಅಂದರೆ ಡಬ್ಬಿಯಲ್ಲಿ ಬೇಸ್, ಅಂದರೆ ದಪ್ಪ ಸದ್ದು, ಕೊಡುವ ದೊಡ್ಡ ಸ್ಪೀಕರ್. ಎಂಟು ಇಂಚು ಅನ್ನೋದು ಸುಮಾರಾಗಿ ಹೊರಗಿನ ಫ್ರೇಮಿನ ಲೆಕ್ಕ. ಡಬ್ಬಿಯ ತೂತು ಏಳೂಕಾಲು ಇಂಚಿನ ಆಸುಪಾಸು ಇರುತ್ತದೆ, ಅದೂ ಕಂಪನಿಗೊಂದು ತರ. ಹಾಗಾಗಿ ಅಳೆಯದೆ ಕೊಳ್ಳಬೇಡಿ.

ಅದಕ್ಕೂ ಮುಂಚೆ ಹಳೇ ವೂಫರ್ ನಿಜವಾಗಿ ಸತ್ತಿದೆಯಾ ನೋಡಿ. ನಮ್ಮ ಬಿಸಿಲಿಗೆ ಮೊದಲು ಹೋಗುವುದು ಸದ್ದಿಗೆ ಅದುರುವ ಕೋನಿನ ಸುತ್ತ ಇರುವ ಫೋಮ್ ರಿಂಗ್. ಬೆರಳು ಇಟ್ಟರೆ ಪುಡಿಪುಡಿ ಉದುರುತ್ತದೆ. ಕೋನಿನ ಎರಡೂ ಬದಿಗೆ ಬೆರಳಿಟ್ಟು ಸಮನಾಗಿ ಮೆಲ್ಲಗೆ ಒತ್ತಿ. ಕರಕರ ಅನ್ನದಿದ್ದರೆ, ಮಲ್ಟಿಮೀಟರ್‌ನಲ್ಲಿ ಕಾಯಿಲ್ (ಕೋನಿನ ಹಿಂದಿನ ತಂತಿಸುರುಳಿ) ಓಮ್ಸ್, ಅಂದರೆ ವಿದ್ಯುತ್ ತಡೆ, ತೋರಿಸಿದರೆ, ಬರೀ ಫೋಮ್ ಬದಲಾಯಿಸಿದರೆ ಸಾಕು. ಹಳೇ ಒಳ್ಳೆ ವೂಫರ್ ಬಿಸಾಕಿ ಅಗ್ಗದ ಹೊಸದು ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಕಾಯಿಲ್ ಸುಟ್ಟಿದ್ದರೆ ಹೊಸದೇ ಬೇಕು. ಹಳೇದನ್ನು ಬಿಚ್ಚುವಾಗ ಯಾವ ವೈರ್ ಪ್ಲಸ್ಸಿಗೆ ಇತ್ತು ಗುರುತು ಮಾಡಿಕೊಳ್ಳಿ. ತೂತಿನ ಅಗಲ, ಸ್ಕ್ರೂಗಳ ನಡುವಿನ ಅಂತರ, ಡಬ್ಬಿಯ ಆಳ, ಮೂರನ್ನೂ ಬರೆದಿಟ್ಟುಕೊಳ್ಳಿ. ಮ್ಯಾಗ್ನೆಟ್ಟಿನ ಹಿಂದೆ ಗಾಳಿಕಿಂಡಿ ಇದ್ದರೆ ಹಿಂದಿನ ಹಲಗೆಗೂ ಅದಕ್ಕೂ ಎರಡು ಬೆರಳಿನಷ್ಟಾದರೂ ಜಾಗ ಬಿಡಬೇಕು.

ಇನ್ನು ಓಮ್ಸ್. ಎಂಟು ಓಮ್ಸಿನ ವೂಫರ್ ಮೀಟರಿನಲ್ಲಿ ಆರರ ಹತ್ತಿರ ತೋರಿಸುತ್ತದೆ, ನಾಲ್ಕರದ್ದು ಮೂರು ಚಿಲ್ಲರೆ. ಕಡಿಮೆ ಬಂತಲ್ಲ ಅಂತ ಗಾಬರಿ ಬೇಡ. ಆದರೆ ಎಂಟು ಇದ್ದ ಕಡೆ ನಾಲ್ಕು ಹಾಕಿದರೆ ಆಂಪ್ಲಿಫೈಯರ್ ಬಿಸಿಯಾಗುತ್ತದೆ, ಡಬ್ಬಿಯೊಳಗೆ ದಪ್ಪ ಸದ್ದು, ಸಣ್ಣ ಸದ್ದು ಬೇರೆ ಮಾಡುವ ಕ್ರಾಸ್‌ಓವರ್ ಲೆಕ್ಕವೂ ತಪ್ಪುತ್ತದೆ.

ಜನ ಕೇಳದೇ ಬಿಡುವ ಪ್ರಶ್ನೆ ಒಂದಿದೆ: ಡಬ್ಬಿ ಮುಚ್ಚಿದ್ದೋ, ಪೋರ್ಟ್ (ಗಾಳಿ ಆಡುವ ತೂತು) ಇರುವುದೋ? ವೂಫರಿನ ಕಾಗದದಲ್ಲಿ ಕೋನಿನ ಅದುರಾಟ ಎಷ್ಟು ಹಿಡಿತದಲ್ಲಿದೆ ಅಂತ ಹೇಳುವ ಕ್ಯೂಟಿಎಸ್ (Qts) ಅಂತ ಒಂದು ಅಂಕಿ ಇರುತ್ತದೆ. ಅದು 0.3ರಿಂದ 0.4ರ ಒಳಗಿದ್ದರೆ ಪೋರ್ಟ್ ಡಬ್ಬಿಗೆ ಒಳ್ಳೇದು, 0.5 ದಾಟಿದರೆ ಮುಚ್ಚಿದ ಡಬ್ಬಿಗೆ. ಅದಲುಬದಲಾದರೆ ಮುಚ್ಚಿದ್ದರಲ್ಲಿ ಬೇಸ್ ಬಡಕಲಾಗುತ್ತದೆ, ಪೋರ್ಟ್ ಇದ್ದದ್ದರಲ್ಲಿ ಬರೀ ಗುಂಯ್ ಅನ್ನುತ್ತದೆ. ಡಬ್ಬಿಯ ಮೇಲೆ ಬರೆದ ಸಾವಿರ ವ್ಯಾಟ್ ಪಿಎಂಪಿಓ (ಜಾಹೀರಾತಿಗೆ ಉಬ್ಬಿಸಿದ ಲೆಕ್ಕ) ನೋಡಲೇಬೇಡಿ. ಆರ್‌ಎಂಎಸ್ ಅಂದರೆ ಸತತವಾಗಿ ತಡೆಯುವ ವ್ಯಾಟ್ ಎಷ್ಟು ಅಂತ ಕೇಳಿ. ಕೊಳ್ಳುವಾಗ ಎರಡೂ ಡಬ್ಬಿಗೆ ಒಂದೇ ಮಾಡೆಲ್ ತನ್ನಿ, ಇಲ್ಲದಿದ್ದರೆ ಒಂದು ಕಡೆ ಸದ್ದು ಜೋರು, ಇನ್ನೊಂದು ಕಡೆ ಸಪ್ಪೆ.

ತೂತು ದೊಡ್ಡದಾಗಿದ್ದರೆ 12 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಒಂದು ರಿಂಗ್ ಕತ್ತರಿಸಿ, ಫೆವಿಕಾಲ್ ಹಚ್ಚಿ ಸ್ಕ್ರೂ ಹೊಡೆಯಿರಿ. ಚಿಕ್ಕದಾಗಿದ್ದರೆ ಜಿಗ್‌ಸಾದಿಂದ ಅಗಲ ಮಾಡಿ. ಹಳೇ ಪಾರ್ಟಿಕಲ್ ಬೋರ್ಡಿನ ಸ್ಕ್ರೂ ತೂತುಗಳು ಸಡಿಲಾಗಿರುತ್ತವೆ. ಅದಕ್ಕೆ ಮರದ ಹೊಟ್ಟು, ಫೆವಿಕಾಲ್ ಕಲಸಿ ತುಂಬಿ, ಒಂದು ರಾತ್ರಿ ಒಣಗಲು ಬಿಡಿ. ನಮ್ಮ ಕಿನ್ನಾಳದ ಕಲಾವಿದರು ಗೊಂಬೆಯ ಸಂದು ತುಂಬುವುದೂ ಹೊಟ್ಟಿನಿಂದಲೇ, ಅಂಟು ಮಾತ್ರ ಹುಣಸೆ ಬೀಜದ್ದು.

ಈಗ ಧೂಳಿನ ಮಾತು. ಗಿಣಿಗೇರಾ ಕಡೆ ಸ್ಪಾಂಜ್ ಐರನ್ ಕಾರ್ಖಾನೆಗಳಿವೆ. ನನ್ನ ಮೇಜಿನ ಮೇಲೆ ಸುಮ್ನೆ ಒಂದು ಮ್ಯಾಗ್ನೆಟ್ ಎಳೆದರೆ ಕಪ್ಪು ಪುಡಿ ಮೀಸೆಯ ಹಾಗೆ ಎದ್ದು ನಿಲ್ಲುತ್ತದೆ. ಅದು ಕಾಯಿಲಿನ ಸಂದಿಗೆ ಹೋದರೆ ಹೊಸ ವೂಫರೂ ಕರಕರ ಅನ್ನುತ್ತದೆ, ತೆಗೆಯುವುದು ಬಲು ಕಷ್ಟ. ಹಾಗಾಗಿ ಕೊಯ್ಯುವ, ತಿಕ್ಕುವ ಕೆಲಸವೆಲ್ಲ ಮುಗಿದು, ಡಬ್ಬಿ ಒರೆಸಿ, ಮೇಜಿನ ಮೇಲೆ ಹೊಸ ಪೇಪರ್ ಹಾಸಿದ ಮೇಲೆಯೇ ವೂಫರಿನ ಪ್ಯಾಕೆಟ್ ಬಿಚ್ಚಿ. ಸ್ಕ್ರೂಡ್ರೈವರ್ ಬಿಗಿಯಾಗಿ ಹಿಡಿಯಿರಿ. ಮ್ಯಾಗ್ನೆಟ್ ಅದನ್ನು ಸರ್ರನೆ ಎಳೆದುಕೊಳ್ಳುತ್ತದೆ, ಕೋನ್ ತೂತಾಗುತ್ತದೆ.

ಪ್ಲಸ್ ಯಾವುದು ಅನುಮಾನ ಇದ್ದರೆ ಪೆನ್ಸಿಲ್ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಕೋನ್ ಮುಂದೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಪ್ಲಸ್. ಒಂದು ಡಬ್ಬಿ ಉಲ್ಟಾ ಆದರೆ ಎರಡರ ಬೇಸ್ ಒಂದನ್ನೊಂದು ತಿನ್ನುತ್ತವೆ. ಫ್ರೇಮಿನ ಕೆಳಗೆ ಬಾಗಿಲಿಗೆ ಹಚ್ಚುವ ಫೋಮ್ ಟೇಪ್ ಸುತ್ತ ಅಂಟಿಸಿ. ಸ್ಕ್ರೂಗಳನ್ನು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆ ಪೂರ್ತಿ ಬಿಗಿದರೆ ಫ್ರೇಮ್ ಸೊಟ್ಟಗಾಗುತ್ತದೆ.

ಡಬ್ಬಿಯೊಳಗಿದ್ದ ಹತ್ತಿ ವಾಪಸ್ ಇಡಿ, ಪೋರ್ಟಿನ ಬಾಯಿಗೆ ಮಾತ್ರ ಬೇಡ. ಬೇಸ್ ಇರುವ ಹಾಡು ಹಚ್ಚಿ, ಊದುಬತ್ತಿಯನ್ನು ಫ್ರೇಮಿನ ಅಂಚಿನ ಸುತ್ತ ಸ್ವಲ್ಪ ದೂರದಲ್ಲಿ ತಿರುಗಿಸಿ. ಹೊಗೆ ಒಂದು ಜಾಗದಲ್ಲಿ ಮಾತ್ರ ಬೇಸಿನ ತಾಳಕ್ಕೆ ತಡಬಡಿಸಿದರೆ ಅಲ್ಲಿ ಗಾಳಿ ಸೋರುತ್ತಿದೆ. ಅಲ್ಲಿ ಇನ್ನೊಂದು ಸುತ್ತು ಫೋಮ್ ಟೇಪ್ ಹಾಕಿ, ಆಮೇಲೆ ಜಾಲಿ ಹಚ್ಚಿ.