ರೀವ ಧುಮುಕುವ ಫೋಟೊಗೆ ಗಾಳಿ ಬೆನ್ನಿಗಿರಲಿ

ನಮ್ಮ ಕರಾವಳಿಯಲ್ಲಿ ಜುಟ್ಟಿನ ರೀವ (ಟರ್ನ್ ಎಂಬ ಕಡಲಹಕ್ಕಿ) ಮೀನು ಹಿಡಿಯಲು ನೀರಿಗೆ ಧುಮುಕುವ ಫೋಟೊ ಬೇಕಿದ್ದರೆ, ಚಳಿಗಾಲದಲ್ಲಿ ಬೆಳ್ಳಂಬೆಳಿಗ್ಗೆ ಹೋಗಿ, ಗಾಳಿಯೂ ಬಿಸಿಲೂ ನಿಮ್ಮ ಬೆನ್ನಿಗಿರುವಂತೆ ಕಡಲ ಕಡೆ ಮುಖ ಮಾಡಿ ನಿಲ್ಲಿ. ರೀವ ಧುಮುಕುವ ಮುಂಚೆ ಗಾಳಿಗೆ ಎದುರಾಗಿ, ಒಂದೇ ಕಡೆ ರೆಕ್ಕೆ ಬಡಿಯುತ್ತಾ ತೇಲುತ್ತದೆ. ಆ ಹೊತ್ತಿಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರುತ್ತದೆ, ಹಾಗಾಗಿ ಹಕ್ಕಿಯ ಮುಖ ನಿಮ್ಮ ಕಡೆಗೇ ಇರುತ್ತದೆ, ಅದರ ಮೇಲೆ ಒಳ್ಳೆಯ ಬೆಳಕೂ ಬೀಳುತ್ತದೆ. ಆಮೇಲೆ ರೆಕ್ಕೆ ನೋಡಬೇಡಿ, ಕೊಕ್ಕು ನೋಡಿ. ಅದು ನೇರ ಕೆಳಗೆ ತಿರುಗಿದ ತಕ್ಷಣ ಬಟನ್ ಒತ್ತಿ ಹಿಡಿಯಿರಿ. ನೀರಿಗೆ ಬಿದ್ದ ಮೇಲೆ ಒತ್ತಿದರೆ ಬರೀ ನೀರು ಚಿಮ್ಮಿದ್ದು ಸಿಗುತ್ತದೆ, ಅಷ್ಟೇ. ಶಟರ್ 1/2000 ಸೆಕೆಂಡ್ ಇಲ್ಲವೇ ಅದಕ್ಕಿಂತ ವೇಗ ಇರಲಿ. ಕಡು ಬಣ್ಣದ ನೀರಿನ ಮುಂದೆ ಬಿಳಿ ಎದೆ ಗರಿಯೇ ಕಾಣದಷ್ಟು ಬೆಳ್ಳಗಾಗಿಬಿಡುತ್ತದೆ, ಎಕ್ಸ್‌ಪೋಶರ್ (ಫೋಟೊಗೆ ಸೇರುವ ಬೆಳಕು) ಸ್ವಲ್ಪ ಇಳಿಸಿಕೊಳ್ಳಿ. ಅಳಿವೆಯ ಮರಳಿನ ಮೇಲೆ ಕೂತ ಗುಂಪನ್ನು ಮಾತ್ರ ದಯವಿಟ್ಟು ಎಬ್ಬಿಸಬೇಡಿ, ಅವು ದಣಿವಾರಿಸಿಕೊಳ್ಳುತ್ತಿರುತ್ತವೆ, ಪಾಪ. ಬಿಸಿಲೇರಿ ಕಡಲಗಾಳಿ ಶುರುವಾದರೆ ಈ ಉಪಾಯ ನಡೆಯುವುದಿಲ್ಲ, ಬಾಲವೇ ಜಾಸ್ತಿ ಕಾಣುತ್ತದೆ. ಗಾಳಿಯೇ ಇಲ್ಲದ ದಿನವೂ ಅಷ್ಟೇ, ಹಕ್ಕಿ ಯಾವ ಕಡೆಗೆ ತಿರುಗುತ್ತದೆ ಅಂತ ಹೇಳಲಾಗುವುದಿಲ್ಲ.